ಸುಮ್ಮನಿರುವುದು ನಿರ್ದೋಷವೆ?

ಕೆಡುಕನ್ನು ಮಾಡಿದವನು ದೋಷಿಯೆಂಬುದರಲ್ಲಿ ಯಾರಿಗೂ ವಿವಾದವಿಲ್ಲ. ಏನನ್ನೂ ಮಾಡದೆ ಸುಮ್ಮನಿದ್ದವನಿಗೆ ದೋಷವು ತಗಲುವುದೆ, ಇಲ್ಲವೆ ಎಂಬುದು ಮಾತ್ರ ಬಹುಕಾಲದಿಂದ ಚರ್ಚೆಗೆ ಬಂದಿರುವ ಪ್ರಶ್ನೆ. ನಿತ್ಯಕರ್ಮವನ್ನು ಬಿಟ್ಟವನಿಗೆ ಪ್ರತ್ಯವಾಯವುಂಟೆಂದು ಕರ್ಮಮಾರ್ಗದವರು ಹೇಳುವರು. ಶಂಕರಭಗವತ್ಪಾದರಾದರೋ ತೈತ್ತಿರೀಯೋಪನಿಷತ್ತಿನ ಭಾಷ್ಯದ ಆರಂಭದಲ್ಲಿ ಇದನ್ನು ಒಪ್ಪಲಿಲ್ಲ. ಮಾಡದಿರುವುದೆಂದರೆ ಅಭಾವ, ಅಭಾವದಿಂದ ಭಾವವು ಹುಟ್ಟಲಾರದು, ಹಿಂದೆ ಕೂಡಿಟ್ಟ ದುರಿತಕ್ಕೆ ಅಕರಣವು ಲಕ್ಷಣವಾದೀತೇ ಹೊರತು ತಾನೇ ದೋಷಕ್ಕೆ ಕಾರಣವಾಗದು ಎಂಬುದು ಅವರ ಯುಕ್ತಿ. ಪಾಠಶಾಲೆಯಲ್ಲಿ ಇದನ್ನು ಓದಿದಾಗ ನನಗೆ ಯುಕ್ತಿಯ ಸೊಬಗು ಮಾತ್ರ ಕಂಡಿತ್ತು. ಅದರ ಭಾರವು ತಿಳಿದದ್ದು ಈಚೆಗೆ, ನಮ್ಮ ಮನೆಯ ಹಳೆಯ ಟ್ರಾಕ್ಟರಿನ ಡೀಸೆಲ್ ಟ್ಯಾಂಕಿನ ಮುಂದೆ ಕುಳಿತಾಗ. ವಾಚಕರು ನಗಬಾರದಾಗಿ ಬೇಡುವೆನು.

ನನ್ನ ತಮ್ಮನು ತೀರಿಕೊಂಡ ತರುವಾಯ ತೋಟದ ಬೇಲಿಯ ವಿಷಯದಲ್ಲಿ ಅವನ ಮಗನಿಗೂ ನನಗೂ ಮನಸ್ತಾಪ ಬಂದಿತು. ಜಗಳವೆನ್ನುವಂಥದು ಯಾವುದೂ ನಡೆಯಲಿಲ್ಲ. ಮಾತು ನಿಂತಿತು, ಅಷ್ಟೆ. ಟ್ರಾಕ್ಟರು ಎರಡು ಮನೆಗೂ ಸೇರಿದುದಾದ್ದರಿಂದ ಇಬ್ಬರೂ ಅದನ್ನು ಮುಟ್ಟಲಿಲ್ಲ. ಮಲೆನಾಡಿನ ಮೂರು ಮಳೆಗಾಲಗಳು ಅದರ ಮೇಲೆ ಹಾದುಹೋದುವು. ಟ್ಯಾಂಕಿನಲ್ಲಿ ಅರ್ಧದಷ್ಟು ಎಣ್ಣೆ ಹಾಗೆಯೇ ಉಳಿದಿತ್ತು. ಕಳೆದ ವೈಶಾಖದಲ್ಲಿ ಹುಡುಗನು ಬಾಗಿಲ ಬಳಿ ನಿಂತು, “ದೊಡ್ಡಪ್ಪ, ಟ್ರಾಕ್ಟರು ಹತ್ತು ನಿಮಿಷ ಓಡಿ ನಿಂತುಬಿಡುತ್ತೆ. ನೀವೂ ಒಂದ್ಸಲ ಬಂದು ನೋಡ್ತೀರಾ?” ಎಂದನು. ಯಂತ್ರದ ವಿಷಯದಲ್ಲಿ ನಾನು ಏನೂ ಬಲ್ಲವನಲ್ಲವೆಂಬುದು ಅವನಿಗೆ ತಿಳಿದೇ ಇತ್ತು. ನಾನು ಹೋದೆನು.

ಎರಡು ಸಾರಿ ಫಿಲ್ಟರು ಬದಲಾಯಿಸಿದ್ದರೂ ಗುಣ ಕಂಡಿರಲಿಲ್ಲ. ಮೆಕಾನಿಕನು ಟ್ಯಾಂಕಿನ ಬಾಯಿಂದ ದೀಪ ಹಾಯಿಸಿ ತೋರಿಸಿದನು. ಎಣ್ಣೆ ಮುಟ್ಟಿದ್ದ ಗೋಡೆಯು ಬಹುಮಟ್ಟಿಗೆ ಚೆನ್ನಾಗಿತ್ತು; ಬರಿದಾಗಿದ್ದ ಮೇಲುಭಾಗವೂ ತೀರ ತಳವೂ ಕೆಂಪಾಗಿದ್ದುವು. ಕಾರಣವು ಸರಳವಾದುದು. ಎಣ್ಣೆಯಿಲ್ಲದ ಜಾಗದಲ್ಲಿ ಗಾಳಿ ಇರುವುದು. ಹಗಲು ಹಿಗ್ಗಿ ಹೊರಹೋಗಿ ರಾತ್ರಿ ಕುಗ್ಗಿದಾಗ ಹೊರಗಿನ ತೇವದ ಗಾಳಿಯನ್ನು ಮುಚ್ಚಳದ ರಂಧ್ರದಿಂದ ಒಳಕ್ಕೆ ಎಳೆದುಕೊಳ್ಳುವುದು. ಆ ತೇವವು ತಣ್ಣಗಾದ ತಗಡಿನ ಮೇಲೆ ಹನಿಗಟ್ಟುವುದು. ಡೀಸೆಲಿಗಿಂತ ನೀರು ಭಾರವಾದ್ದರಿಂದ ಹನಿಗಳು ಕೆಳಗಿಳಿದು ತಳದಲ್ಲಿ ನೆಲೆಸುವುವು. ಹೀಗೆ ಹುಟ್ಟಿದ ತುಕ್ಕಿನ ಹಕ್ಕಳೆಯು ಎಂಜಿನು ಎಣ್ಣೆಯನ್ನು ಸೆಳೆದಾಗ ಕೊಳವೆಯ ಬಾಯಿಗೆ ಬಂದು ಕೂರುವುದು. ಎಂಜಿನು ನಿಂತರೆ ಮತ್ತೆ ತಳಕ್ಕೆ ಬೀಳುವುದು. ಆದುದರಿಂದಲೇ ಆ ಹತ್ತು ನಿಮಿಷದ ಓಟ. ಡೀಸೆಲನ್ನು ಒತ್ತಿ ಕಳುಹಿಸುವ ಪಂಪಿನೊಳಗಿನ ಸಂದು ಕೂದಲೆಳೆಯ ಹತ್ತರಲ್ಲೊಂದು ಪಾಲಿನಷ್ಟೂ ಇಲ್ಲ; ಕಣ್ಣಿಗೆ ಕಾಣದ ಕಣವೂ ಅಲ್ಲಿ ಗಾಯ ಮಾಡಬಲ್ಲುದು.

ಇಲ್ಲಿಯೇ ನನಗೆ ಹಳೆಯ ಪಾಠವು ನೆನಪಾಯಿತು. ಟ್ಯಾಂಕಿಗೆ ನಾವು ಏನನ್ನೂ ಮಾಡಿರಲಿಲ್ಲ. ಅಭಾವದಿಂದ ಭಾವವು ಹುಟ್ಟದೆಂಬುದು ನಿಜವಾದರೆ ಈ ತುಕ್ಕು ಹುಟ್ಟಿದುದೆಲ್ಲಿಂದ? ವಿಚಾರಿಸಿ ನೋಡಿದರೆ ಯುಕ್ತಿಯಲ್ಲಿ ಕೊರತೆಯಿಲ್ಲ, ನಮ್ಮ ಎಣಿಕೆಯಲ್ಲಿದೆ. ನಾವು ಖಾಲಿಯೆಂದುಕೊಂಡ ಜಾಗವು ಖಾಲಿಯಾಗಿರಲಿಲ್ಲ. ನಾವು ಬಿಟ್ಟುಕೊಟ್ಟ ಎಡೆಯಲ್ಲಿ ಗಾಳಿಯೂ ನೀರೂ ಹಗಲಿರುಳು ಕೆಲಸ ಮಾಡುತ್ತಿದ್ದುವು. ಬಾಬಾಬುಡನ್ ಬೆಟ್ಟದ ಕೆಮ್ಮಣ್ಣುಗುಂಡಿಯ ಹೆಸರೇ ಅಲ್ಲಿಯ ಮಣ್ಣಿನ ಬಣ್ಣವನ್ನು ಹೇಳುವುದು. ಅಲ್ಲಿಯ ಅದಿರನ್ನೇ ತಂದು 1923ರಿಂದ ಭದ್ರಾವತಿಯ ಕಾರ್ಖಾನೆಯಲ್ಲಿ ಇದ್ದಿಲಿನ ಬೆಂಕಿಯಿಂದ ಕಬ್ಬಿಣವನ್ನು ತೆಗೆದರು. ಆ ಅದಿರೂ ಈ ತುಕ್ಕೂ ಜಾತಿಯಲ್ಲಿ ಒಂದೇ, ಕಬ್ಬಿಣವೂ ಆಮ್ಲಜನಕವೂ ಕೂಡಿದುದು. ಕಬ್ಬಿಣವು ಕಬ್ಬಿಣವಾಗಿರಲು ಯತ್ನ ಬೇಕು. ಮಣ್ಣಾಗಲು ಯಾರ ಯತ್ನವೂ ಬೇಡ. ಬಾಂಧವ್ಯದ ವಿಷಯವೂ ಹೀಗೆಯೇ ಎಂದು ನನಗೆ ತೋರುವುದು. ಮಾತು ನಿಂತ ಮನೆಯಲ್ಲಿ ಮೌನವು ಮಾತ್ರ ಇರುವುದಿಲ್ಲ. ಸಂಶಯವೂ ಪರರ ಚಾಡಿಯೂ ಒಳಗೆ ಬಂದು ಹನಿಗಟ್ಟುವುವು.

ಶುದ್ಧಿಯ ಕ್ರಮವೂ ವಿಚಾರಯೋಗ್ಯವಾಗಿದೆ. ಎಣ್ಣೆ ತೆಗೆದ ಟ್ಯಾಂಕಿನಲ್ಲಿ ಆವಿ ಉಳಿದಿರುವುದರಿಂದ ಬೆಂಕಿಯನ್ನು ಹತ್ತಿರ ತರಕೂಡದೆಂದು ಮೆಕಾನಿಕನು ಮೊದಲೇ ಎಚ್ಚರಿಸಿದನು. ಬಳಿಕ ಒಳಗೆ ಸಣ್ಣ ಸರಪಣಿಯನ್ನೂ ಸೀಮೆಎಣ್ಣೆಯನ್ನೂ ಹಾಕಿ, ಒಂದು ಬದಿಯಲ್ಲಿ ಹುಡುಗನು, ಇನ್ನೊಂದು ಬದಿಯಲ್ಲಿ ನಾನು ಹಿಡಿದು ಕುಲುಕಿದೆವು. ಹೊರಬಂದ ನೀರು ಕೆಮ್ಮಣ್ಣಿನ ಕೆರೆಯಂತಿತ್ತು. ಶೋಧನೆಯ ಮೊದಲ ಫಲವು ಕೊಳೆಯ ದರ್ಶನವೇ. ಆಮೇಲೆ ಸಾಬೂನಿನ ನೀರಿನಿಂದ ಜಿಡ್ಡನ್ನು ತೊಳೆದು, ನಿಂಬೆಯ ಹುಳಿಯಲ್ಲಿರುವ ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಕದಡಿ ತುಂಬಿದೆವು. ಹುಣಿಸೆಯಿಂದ ಹಿತ್ತಾಳೆ ಬೆಳಗುವ ನಮ್ಮ ಮನೆಯವರಿಗೆ ಇದರ ತತ್ತ್ವ ಹೊಸದಲ್ಲ. ಆದರೆ ಹುಳಿಯು ಹೆಚ್ಚು ಹೊತ್ತು ನಿಂತರೆ ತುಕ್ಕನ್ನು ತಿಂದು ಕಬ್ಬಿಣವನ್ನೂ ತಿನ್ನುವುದು. ಆದ್ದರಿಂದ ಸಮಯ ನೋಡಿ ಚೆಲ್ಲಿ, ಸೋಡಾದ ನೀರಿನಿಂದ ಅದರ ಕಟುತ್ವವನ್ನು ಶಮನಗೊಳಿಸಬೇಕು. ಹಳೆಯ ತಪ್ಪನ್ನು ಮರಮರಳಿ ಕೆದಕುವ ಪಶ್ಚಾತ್ತಾಪಕ್ಕೂ ಹೀಗೆಯೇ ಒಂದು ಅವಧಿ ಇರತಕ್ಕದ್ದು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿದುದು ಕೊನೆಯ ಮಾತು. “ತೊಳೆದ ಟ್ಯಾಂಕನ್ನು ಹಾಗೇ ಬಿಟ್ಟರೆ ನಾಳೆ ಬೆಳಿಗ್ಗೆಗೆ ಮತ್ತೆ ಕೆಂಪಾಗುತ್ತೆ, ಮೇಷ್ಟ್ರೇ. ಒಣಗಿಸಿ ಕೂಡಲೇ ಎಣ್ಣೆ ತುಂಬಬೇಕು” ಎಂದನು ಮೆಕಾನಿಕನು. ಕೊಳೆ ಕಳೆದು ಬರಿದಾಗಿ ನಿಂತ ಕಬ್ಬಿಣವೇ ಅತ್ಯಂತ ದುರ್ಬಲವಾದುದು. ಕ್ಷಮೆ ಕೇಳಿ ಕೊಟ್ಟಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ ಎಡೆಯನ್ನು ತುಂಬತಕ್ಕ ನಿತ್ಯದ ವ್ಯವಹಾರವು ಕೂಡಲೇ ಮೊದಲಾಗಬೇಕು.

ಹಾಗಾದರೆ ಲೋಕದಲ್ಲಿ ನಾವು ಮಾಡದೆ ಬಿಟ್ಟುದಕ್ಕೆಲ್ಲ ನಾವೇ ಹೊಣೆಯೆ, ಎಂದು ಕೇಳಬಹುದು. ಅಲ್ಲ. ಊರವರ ಟ್ಯಾಂಕಿಗೆ ನಾನು ಹೊಣೆಯಲ್ಲ. ನನ್ನ ಪಾಲಿಗೆ ಬಂದ ಪಾತ್ರೆಗೆ ಹೊಣೆ. ಆಚಾರ್ಯರು ಹೇಳಿದ ಲಕ್ಷಣವೂ ನನ್ನಲ್ಲಿ ಸುಳ್ಳಾಗಲಿಲ್ಲ. ಹಿರಿಯನಾದ ನಾನು ಮೊದಲು ಮಾತನಾಡಲೇಕೆ ಎಂಬ ಗರ್ವವು ಮೊದಲೇ ಕೂಡಿಟ್ಟುದಾಗಿತ್ತು. ಮೂರು ವರ್ಷದ ಮೌನವು ಅದರ ಗುರುತು. ಆ ಮೌನವನ್ನು ನಾನು ಸಹನೆಯೆಂದು ಕರೆದುಕೊಂಡಿದ್ದೆನು. ಮೊದಲು ಬಾಗಿಲಿಗೆ ಬಂದವನು ಹುಡುಗನೇ ಎಂಬುದನ್ನು ಇಲ್ಲಿ ಬರೆದಿಡುವುದು ನ್ಯಾಯ.

ಈಗ ಉಳುಮೆ ಮುಗಿದ ಸಂಜೆ ಅವನು ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ ನಿಲ್ಲಿಸುವನು. ಕೈತೊಳೆದು ನಮ್ಮ ಜಗಲಿಗೆ ಬಂದು ಕಾಫಿ ಕುಡಿದು ಹೋಗುವನು. ಬೇಲಿಯ ಮಾತು ಇನ್ನೂ ತೀರ್ಮಾನವಾಗಿಲ್ಲ. ಅದನ್ನು ಕುರಿತು ಮಾತನಾಡುತ್ತಿದ್ದೇವೆ.