ತುರುಗಾಹಿಯ ಕಾಯಕ, ಕಂದು ಹಾಕುವ ರೋಗ



ಕಲ್ಯಾಣದಲ್ಲಿ ಶರಣರ ದನಗಳನ್ನು ಕಾಯುವುದೇ ತುರುಗಾಹಿ ರಾಮಣ್ಣನವರ ಕಾಯಕವಾಗಿತ್ತು. ಆ ಕಾಯಕವನ್ನು ಇಂದಿಗೂ ಬಿಡದೆ ನಡೆಸಿಕೊಂಡು ಬಂದವರು ಜತ್ತ, ಅಕ್ಕಲಕೋಟ ಸೀಮೆಯ ನಮ್ಮ ಒಕ್ಕಲು ಮಕ್ಕಳು. ಆ ಕಾಯಕದಲ್ಲಿಯೇ ಅವರ ಮೈಗೆ ತಗಲುವ ಬೇನೆಯೊಂದರ ಕುರಿತು ಈ ಸಲ ಹೇಳಬೇಕಾಗಿದೆ.

ಈಚೆಗೆ ಜತ್ತ ತಾಲೂಕಿನ ಭಕ್ತರೊಬ್ಬರು ದರ್ಶನಕ್ಕೆ ಬಂದಿದ್ದರು. ಅವರ ಎಮ್ಮೆ ಎಂಟನೆಯ ತಿಂಗಳಲ್ಲಿ ಕಂದು ಹಾಕಿತ್ತು. ಕಸ ಬೀಳದಿದ್ದಾಗ ಬರಿಗೈಯಿಂದಲೇ ತೆಗೆದರಂತೆ. ತಿಂಗಳೊಪ್ಪತ್ತಿನಲ್ಲಿ ಬಿಟ್ಟು ಬಿಟ್ಟು ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಸೊಂಟದಲ್ಲಿ, ಕೀಲುಗಳಲ್ಲಿ ನೋವು. ಮಲೇರಿಯಾ ಎಂದು ಗುಳಿಗೆ ನುಂಗಿದರು, ಟೈಫಾಯ್ಡ್ ಎಂದು ಸೂಜಿ ಮಾಡಿಸಿಕೊಂಡರು. ಎಮ್ಮೆಯ ಮಾತನ್ನು ಮಾತ್ರ ಡಾಕ್ಟರ ಮುಂದೆ ಎತ್ತಲೇ ಇಲ್ಲ. ಕಡೆಗೆ ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್ ಎಂದು ತಿಳಿಯಿತು. ಆರು ವಾರ ಬಿಡದೆ ಔಷಧಿ ತೆಗೆದುಕೊಂಡು ಗುಣವಾದರು. ನಡುವೆ ಬಿಟ್ಟರೆ ಮರುಕಳಿಸುವ ರೋಗವಿದು. ಗಂಡಸರಿಗೆ ವೃಷಣ ಬಾವು ಬರುವುದುಂಟು, ಬಸುರಿಯರಿಗೆ ಗರ್ಭ ಇಳಿಯುವುದುಂಟು. ಹಾಗಾದಾಗ ಸೊಸೆಯ ಕಾಲ್ಗುಣ ಹಳಿಯುವ ಮನೆಗಳನ್ನೂ ನಾವು ಕಂಡಿದ್ದೇವೆ.

ಹಸಿ ಹಾಲಿನಿಂದಲೂ ಇದು ಬರುತ್ತದೆ. ಮಾಲ್ಟಾ ದ್ವೀಪದಲ್ಲಿ 1906ರಲ್ಲಿ ಸೈನಿಕರಿಗೆ ಆಡಿನ ಹಸಿ ಹಾಲು ಕೊಡುವುದನ್ನು ನಿಲ್ಲಿಸಿದ ಮೇಲೆ ಅವರಲ್ಲಿ ಈ ಜ್ವರ ಬಹುಮಟ್ಟಿಗೆ ಇಳಿಯಿತು. ದಾಸೋಹಕ್ಕೆ ಬರುವ ಹಾಲನ್ನು ಉಕ್ಕುವವರೆಗೆ ಕಾಯಿಸದೆ ಬಳಸಕೂಡದೆಂದು ಮಠದ ಅಡುಗೆಯವರಿಗೆ ನಾವು ಹೇಳಿದ್ದೇವೆ. ನೊರೆಹಾಲು ಪುಷ್ಟಿಯೆಂದು ಮಕ್ಕಳಿಗೆ ಕುಡಿಸುವ ತಾಯಂದಿರೂ ಇದನ್ನು ಕೇಳಬೇಕು.

ಕಂದನ್ನಾಗಲಿ ಕಸವನ್ನಾಗಲಿ ಕೈಗವಸಿಲ್ಲದೆ ಮುಟ್ಟಬೇಡಿರಿ. ನಾಯಿ ಎಳೆಯದಂತೆ ಆಳವಾಗಿ ಹೂಳಿ ಸುಣ್ಣ ಹಾಕಿರಿ. ಕೈಗವಸು ತೊಟ್ಟರೆ ದನಗಳ ಸೇವೆಗೆ ಊನವೆಂದು ಹಿರಿಯರೊಬ್ಬರು ಹೇಳಿದರು. ನಮಗೆ ಅದು ಒಪ್ಪಿಗೆಯಿಲ್ಲ. ಅದೇ ಅಂಗೈಯಲ್ಲಿ ಅಲ್ಲವೇ ಮರುದಿನ ಇಷ್ಟಲಿಂಗವನ್ನು ಹಿಡಿಯುವುದು?

ಇನ್ನು ಸಂತೆಯ ಮಾತು. ಕಂದು ಹಾಕಿದ ಎಮ್ಮೆಯನ್ನು ವಿಷಯ ಮುಚ್ಚಿ ಮಾರುವವರಿದ್ದಾರೆ. ಅದು ಮುಂದೆ ಸುಸೂತ್ರವಾಗಿ ಈದರೂ ಹಾಲಿನಲ್ಲಿ ರೋಗಾಣು ಉಳಿದಿರಬಹುದು. ಸಾಲ ಮಾಡಿ ಎಮ್ಮೆ ಕೊಂಡವನ ಸಂಕಟವನ್ನು ನಾವು ಬಲ್ಲೆವು. ಆದರೂ ಕೊಳ್ಳುವವನ ಮನೆಯಲ್ಲಿಯೂ ಮಕ್ಕಳಿದ್ದಾರೆ. ಹಾಗೆ ಬಂದ ಹಣ ಕಾಯಕದ ಹಣವಲ್ಲ. ಅದರ ಕಾಣಿಕೆಯನ್ನು ಮಠ ಸ್ವೀಕರಿಸುವುದಿಲ್ಲ.

4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಹಾಕಿಸುವ ಲಸಿಕೆಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿ ಕಾರ್ಯಕ್ರಮ ಆರಂಭಿಸಿತು. ಆ ವಯಸ್ಸಿನ ಕರು ಮನೆಯಲ್ಲಿದ್ದವರು ದನದ ದವಾಖಾನೆಯಲ್ಲಿ ವಿಚಾರಿಸಿರಿ.