ಪಾವಿತ್ರ್ಯಕ್ಕೆ ಎಲ್ಲೆಯುಂಟೆ: ನಾಗಬನ, ದೋಷ ಮತ್ತು ಮುನ್ನೆಚ್ಚರಿಕೆ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ತುಳು–ಕನ್ನಡ ಭಾಷಿಕರು ಬನವೆಂದೂ ದಕ್ಷಿಣದ ಮಲಯಾಳ ಭಾಷಿಕರು ಕಾವು ಎಂದೂ ಕರೆಯುವ ತಾಣವು ನಾಗನಿಗೋ ದೈವಕ್ಕೋ ಬಿಟ್ಟುಕೊಟ್ಟ ಕಾಡಿನ ತುಂಡಾಗಿದ್ದು, ಅಲ್ಲಿ ಮರ ಕಡಿಯಬಾರದೆಂಬ ಕಟ್ಟಳೆಯ ಬಲದಿಂದಲೇ ಭೀಮನಡಿಯ ಸಮೀಪದ ಕಮ್ಮಾಡಂ ಕಾವಿನಂಥ ದಟ್ಟ ಕಾಡು ಇಂದಿಗೂ ಉಳಿದುಬಂದಿದೆ. ಈ ಕಟ್ಟಳೆಯನ್ನು ಪರಿಸರ ರಕ್ಷಣೆಯ ಪ್ರಾಚೀನ ರೂಪವೆಂದು ಹೊಗಳುವುದು ರೂಢಿ. ಆದರೆ ನೆಲದ ಒಂದು ತುಂಡನ್ನು ಪವಿತ್ರವೆಂದು ಪ್ರತ್ಯೇಕಿಸಿದಾಗ, ಅದರಾಚೆಗಿನ ನೆಲವನ್ನು ಮನಬಂದಂತೆ ಬಳಸಲು ಅಪ್ಪಣೆ ದೊರೆತಂತಾಗುವುದೆ ಎಂಬ ಪ್ರಶ್ನೆ ಆ ಹೊಗಳಿಕೆಯಲ್ಲಿ ಮರೆಯಾಗುತ್ತದೆ.

ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ಅನುಭವವು ಈ ಪ್ರಶ್ನೆಯನ್ನು ನಿಷ್ಠುರವಾಗಿ ಮುಂದಿಟ್ಟಿತು. ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ ಜಿಲ್ಲೆಯ ಗುಡ್ಡಗಳಲ್ಲಿ ಬೆಳೆಸಿದ ಗೇರುತೋಟಗಳಿಗೆ, ಚಹಾ ಸೊಳ್ಳೆ ಎಂಬ ಕೀಟದ ಹತೋಟಿಗಾಗಿ, 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ತೋಟ ಗುಡ್ಡದ ಮೇಲೆ, ಮನೆ ಕಣಿವೆಯಲ್ಲಿ. ಕುಡಿಯುವ ನೀರು ಬರುವುದು ತೋಡಿನಿಂದ ಅಥವಾ ಗುಡ್ಡದ ಒಡಲಿಗೆ ಅಡ್ಡವಾಗಿ ಕೊರೆದ ಸುರಂಗದಿಂದ. ಆಕಾಶದಿಂದ ಇಳಿದ ವಿಷಕ್ಕೆ ಬನವಾವುದು, ತೋಟವಾವುದು, ಬಾವಿಯಾವುದು ಎಂಬ ಭೇದವಿರಲಿಲ್ಲವಾದ್ದರಿಂದ, ಎಲ್ಲೆಯನ್ನೇ ಆಧಾರವಾಗಿಸಿಕೊಂಡ ಪಾವಿತ್ರ್ಯವು ಎಲ್ಲೆಯಿಲ್ಲದ ಹಾನಿಯ ಮುಂದೆ ನಿರುತ್ತರವಾಯಿತು.

ಊರಿನಲ್ಲಿ ವಿಕಲಾಂಗ ಮಕ್ಕಳು ಹುಟ್ಟತೊಡಗಿದಾಗ ಅದನ್ನು ದೈವದ ಮುನಿಸೆಂದು ತಿಳಿದವರಿದ್ದರು. ತುಳುನಾಡಿನ ನಂಬಿಕೆಯಲ್ಲಿ ನಾಗದೋಷವೆಂದರೆ ಬನಕ್ಕೆ ಎಸಗಿದ ಅಪಚಾರದ ಫಲ. ಅದು ತಪ್ಪು ಮಾಡಿದವನಲ್ಲಿಗೇ ನಿಲ್ಲದೆ ಸಂತತಿಯನ್ನೂ ತಟ್ಟುತ್ತದೆ. ಪಡ್ರೆಯ ಸಂದರ್ಭದಲ್ಲಿ ಈ ವಿವರಣೆ ಕಾರಣವನ್ನು ತಪ್ಪಾಗಿ ಹೆಸರಿಸಿತು. ನೊಂದವರನ್ನೇ ತಪ್ಪಿತಸ್ಥರನ್ನಾಗಿಸುವ ಅಪಾಯವೂ ಅದರಲ್ಲಿತ್ತು. ಆದರೂ ನೆಲಕ್ಕೆ ಮಾಡಿದ ಅಪಚಾರವನ್ನು ಹುಟ್ಟಲಿರುವವರು ಉಣ್ಣಬೇಕಾಗುತ್ತದೆ ಎಂಬ ಅದರೊಳಗಿನ ತಿಳಿವು ಸುಳ್ಳಾಗಿರಲಿಲ್ಲ. ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬಂದ ರೋಗಿಗಳಲ್ಲಿ ಗುರುತಿಸಿದ ಅಸಹಜತೆ ಮತ್ತು ಪತ್ರಕರ್ತ ಶ್ರೀಪಡ್ರೆಯವರ ಬರಹಗಳು ದೋಷದ ಭಾಷೆಯನ್ನು ಕಾರಣದ ಭಾಷೆಯಾಗಿ ಮಾರ್ಪಡಿಸಿದವು. ಪೆರಿಯದ ಲೀಲಾಕುಮಾರಿ ಅಮ್ಮ ಹೂಡಿದ ದಾವೆಯಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯವು 1998ರಲ್ಲಿ ಸಿಂಪರಣೆಗೆ ತಡೆಯಾಜ್ಞೆ ನೀಡಿದಾಗ, ಪ್ರಾಯಶ್ಚಿತ್ತದ ಜಾಗದಲ್ಲಿ ಹೊಣೆಗಾರಿಕೆಯ ಪ್ರಶ್ನೆ ಬಂದು ನಿಂತಿತು.

ಇಲ್ಲಿ ಜ್ಞಾನಮೀಮಾಂಸೆಯ, ಅಂದರೆ ತಿಳಿವಿನ ಸ್ವರೂಪಕ್ಕೆ ಸಂಬಂಧಿಸಿದ, ತೊಡಕೊಂದು ಎದುರಾಯಿತು. ವಿಷಕ್ಕೂ ರೋಗಕ್ಕೂ ಇರುವ ಸಂಬಂಧದ ಬಗ್ಗೆ ತಜ್ಞ ಸಮಿತಿಗಳಲ್ಲಿ ಒಮ್ಮತವಿರಲಿಲ್ಲ. ಪೂರ್ಣ ಪ್ರಮಾಣ ದೊರೆಯುವ ತನಕ ಕಾಯುವುದೆಂದರೆ ಮಕ್ಕಳ ದೇಹಗಳನ್ನೇ ಪ್ರಮಾಣವಾಗಿ ಬಳಸಿದಂತೆ. ಗಂಭೀರ ಹಾನಿಯ ಸಾಧ್ಯತೆಯಿದ್ದಾಗ ಖಚಿತತೆಯ ಕೊರತೆಯನ್ನು ನೆಪವಾಗಿಸಿಕೊಂಡು ಸುಮ್ಮನಿರಬಾರದೆಂಬುದೇ ಮುನ್ನೆಚ್ಚರಿಕೆಯ ತತ್ತ್ವ. 2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ ಹಾಗೂ ಬಳಕೆಯನ್ನು ದೇಶಾದ್ಯಂತ ತಡೆಹಿಡಿದುದಕ್ಕೆ ಈ ತತ್ತ್ವವೂ ಆಧಾರವಾಗಿತ್ತು.

ಬನದ ಕಟ್ಟಳೆಯೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ: ಒಳಗೆ ಏನಿದೆಯೆಂಬುದನ್ನು ಪೂರ್ತಿಯಾಗಿ ಅರಿಯದವನು ಅದಕ್ಕೆ ಕತ್ತಿ ಹಾಕಬಾರದು. ಹೀಗಾಗಿ ಸಂಪ್ರದಾಯ ಮತ್ತು ವಿಜ್ಞಾನಗಳ ನಡುವಿನ ಅಂತರ ತೋರುವಷ್ಟು ದೊಡ್ಡದಲ್ಲ, ವ್ಯತ್ಯಾಸವಿರುವುದು ವ್ಯಾಪ್ತಿಯಲ್ಲಿ. ಮರಗಳನ್ನು ಕಡಿದು ನಾಗನಿಗೆ ಕಾಂಕ್ರೀಟಿನ ಕಟ್ಟೆ ಕಟ್ಟುವ ಇಂದಿನ ಪರಿಪಾಠದಲ್ಲಿ ಆ ವ್ಯಾಪ್ತಿ ಇನ್ನೂ ಕುಗ್ಗಿದೆ: ಪೂಜೆ ಉಳಿಯುತ್ತದೆ, ಬನ ಅಳಿಯುತ್ತದೆ. ಒಂದೆಡೆ ಉರಿಸಿದ ಇಂಧನ ಇನ್ನೊಂದೆಡೆಯ ಮಳೆಗಾಲವನ್ನು ಕೆಡಿಸಬಲ್ಲ ಹವಾಮಾನ ಬದಲಾವಣೆಯ ಕಾಲದಲ್ಲಿ, ಆ ಕಟ್ಟಳೆ ಅರ್ಥಪೂರ್ಣವಾಗಿ ಉಳಿಯಬೇಕಾದರೆ ಅದು ಬನದ ಎಲ್ಲೆಯನ್ನು ದಾಟಿ ತೋಟಕ್ಕೂ ತೋಡಿಗೂ ಗಾಳಿಗೂ ಅನ್ವಯವಾಗಬೇಕು. ಪಡ್ರೆಯ ಜನ ತಮ್ಮ ಮಕ್ಕಳಿಗಾಗಿ ನ್ಯಾಯ ಕೇಳಿದಾಗ ಮಾಡಿದ್ದು ಈ ವಿಸ್ತರಣೆಯನ್ನೇ.