ಉದಕಮಂಡಲದ ಚರ್ಚಿನ ತೊಲೆಗಳು

ಬೇಸಗೆ ಬಂದಿತೆಂದರೆ ಜಯನಗರ, ಬನಶಂಕರಿಗಳ ಕಡೆಯಿಂದ ಗುಂಡ್ಲುಪೇಟೆಯ ಮಾರ್ಗವಾಗಿ ನೀಲಗಿರಿಗೆ ಹೊರಡುವ ಸಂಸಾರಗಳು ಬಹಳ. ಅವರಲ್ಲಿ ಕೆಲವರಾದರೂ ಉದಕಮಂಡಲದ ಸಂತ ಸ್ಟೀಫನರ ಚರ್ಚನ್ನು ನೋಡಿ ಬರುವುದುಂಟು. ಮದರಾಸಿನ ಗವರ್ನರಾಗಿದ್ದ ಲಷಿಂಗ್ಟನ್ ದೊರೆಯು 1829ರ ಏಪ್ರಿಲ್ 23ರಂದು ಇದಕ್ಕೆ ಅಸ್ತಿಭಾರವಿಟ್ಟನು. ಮರುವರ್ಷ ಕಲ್ಕತ್ತೆಯ ಬಿಷಪ್ ಟರ್ನರನು ಇದನ್ನು ಪ್ರತಿಷ್ಠೆಮಾಡಿದನು. ಕಟ್ಟಡವೇನೂ ದೊಡ್ಡದಲ್ಲ. ಆದರೆ ಕನ್ನಡಿಗನಾದವನು ಒಳಹೊಕ್ಕು ತಲೆಯೆತ್ತಿದರೆ ಮನಸ್ಸು ತುಸು ಕಲಕದೆ ಇರದು. ಚಾವಣಿಯನ್ನು ಹೊತ್ತಿರುವ ದೊಡ್ಡ ತೊಲೆಯೂ ಇನ್ನು ಕೆಲವು ಮರಗಳೂ ಶ್ರೀರಂಗಪಟ್ಟಣದಲ್ಲಿ ಟಿಪ್ಪುಸುಲ್ತಾನನ ಅರಮನೆಯಿಂದ ಕಳಚಿ ತಂದವು.

ಸೋತವನ ಮನೆಯ ಮರದಿಂದ ದೇವರಿಗೆ ಮನೆ ಕಟ್ಟಬಹುದೆ? ಕಟ್ಟಿದರೆ, ಅಲ್ಲಿ ಮಾಡಿದ ಪ್ರಾರ್ಥನೆಗೆ ಆ ಮರದ ಋಣ ಅಂಟುವುದೆ?

ಈ ಪ್ರಶ್ನೆಯನ್ನು ಆಂಗ್ಲರಿಗೆ ಹಾಕಿ ನಾವು ಸುಮ್ಮನಾಗುವುದು ಸುಲಭ. ಕೃಷ್ಣದೇವರಾಯನು ಉದಯಗಿರಿಯನ್ನು ಗೆದ್ದು, ಅಲ್ಲಿನ ಬಾಲಕೃಷ್ಣಮೂರ್ತಿಯನ್ನು ತಂದು 1515ರಲ್ಲಿ ಹಂಪೆಯಲ್ಲಿ ಸ್ಥಾಪಿಸಿದುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಚೋಳ ರಾಜಾಧಿರಾಜನು ಕಲ್ಯಾಣವನ್ನು ಸುಟ್ಟು, ದ್ವಾರಪಾಲಕನ ವಿಗ್ರಹವನ್ನು ಹೊತ್ತೊಯ್ದು, ಅದರ ಮೇಲೆಯೇ ತನ್ನ ಜಯವನ್ನು ಕೆತ್ತಿಸಿದನೆಂದು ಓದಿದಾಗ ಮಾತ್ರ ನಿಟ್ಟುಸಿರು ಬಿಡುತ್ತೇವೆ! ತಕ್ಕಡಿ ಎರಡು ಕಡೆಗೂ ಒಂದೇ ಆಗಿರಬೇಕಷ್ಟೆ.

ವಿಗ್ರಹ ಬೇರೆ, ತೊಲೆ ಬೇರೆ ಎನ್ನಬಹುದು. ರಾಯನು ಮೂರ್ತಿಯ ದೈವತ್ವವನ್ನು ಒಪ್ಪಿ ತಂದನು. ಲಷಿಂಗ್ಟನ್ನನಿಗೆ ತೊಲೆಯು ಬರಿಯ ಮರ. ನನಗಂತೂ ಈ ಭೇದವು ದೋಷವನ್ನು ಕಡಮೆಮಾಡುವಂತೆ ತೋರದು. ಪೂಜಿಸಲೆಂದು ತಂದವನು ಅದು ಎಲ್ಲಿಯದೆಂಬುದನ್ನು ನೆನೆಯುತ್ತಾನೆ; ಮರವೆಂದು ತಂದವನಿಗೆ ಆ ನೆನಪೂ ಬೇಕಿಲ್ಲ. 1799ರಲ್ಲಿ ಟಿಪ್ಪು ಮಡಿದ 30 ವರ್ಷಗಳೊಳಗೆ ಅವನ ಅರಮನೆ ಮರ ಸಿಗುವ ಒಂದು ಜಾಗವಾಗಿಹೋಗಿತ್ತು.

‘ಆ ಕಾಲದ ನೀತಿ ಅಷ್ಟೆ’ ಎಂಬ ಸಮಾಧಾನವೂ ನಿಲ್ಲದು. ಉದಕಮಂಡಲವನ್ನು ನೆಲೆಗೊಳಿಸಿದ ಕಲೆಕ್ಟರ್ ಜಾನ್ ಸಲಿವನ್ನನು, ಬೆಟ್ಟದ ನೆಲದ ಮೇಲೆ ತೋಡರಿಗೇ ಹಕ್ಕುಂಟೆಂದು ಅದೇ ಕಾಲದಲ್ಲಿ ವಾದಿಸಿದನು. ಲಷಿಂಗ್ಟನ್ ಅದನ್ನು ಒಪ್ಪಲಿಲ್ಲ. ಯಾವುದು ಯಾರದು ಎಂದು ಕೇಳುವವರು ಆಗಲೂ ಇದ್ದರು.

ಚರ್ಚಿನ ಹಿಂದೆ ಗುಡ್ಡದ ಓರೆಯಲ್ಲಿ ಹಳೆಯ ಸ್ಮಶಾನವಿದೆ. ಸಲಿವನ್ನನ ಹೆಂಡತಿಯೂ ಮಗಳೂ ಅಲ್ಲಿ ಮಲಗಿದ್ದಾರೆ. ಅವನು ಮಡಿದುದು ದೂರದ ಇಂಗ್ಲೆಂಡಿನಲ್ಲಿ. ಅರಮನೆ ಕಳಚಿದ ಲೆಕ್ಕವನ್ನು ಆ ಹೆಣ್ಣುಮಕ್ಕಳ ಗೋರಿಯ ಮುಂದೆ ಇಡಬಹುದೆ? ಕೂಡದು. ಹಾಗೆಂದು ಇಲ್ಲಿ ಹುಟ್ಟಿದ ಮರುಕದಿಂದ ಒಳಗಿನ ತೊಲೆಯ ಲೆಕ್ಕ ತೀರಿತೆನ್ನುವುದೂ ಸರಿಯಲ್ಲ. ಒಂದೇ ಬೇಲಿಯೊಳಗೆ ಎರಡೂ ಇವೆ. ನೋಡುವವನು ಎರಡನ್ನೂ ಹೊರಬೇಕು.

ಮರವನ್ನು ಮರಳಿಸೋಣವೆಂದರೆ ಅದನ್ನು ಇಡಲು ಆ ಅರಮನೆಯೇ ಉಳಿದಿಲ್ಲ. ಮೇಲಾಗಿ ಚರ್ಚು ಇಂದು, 1947ರಲ್ಲಿ ಒಂದುಗೂಡಿದ ದಕ್ಷಿಣ ಇಂಡಿಯಾ ಸಭೆಗೆ ಸೇರಿದ್ದು. ತೊಲೆಯ ಕೆಳಗೆ ಮೊಣಕಾಲೂರುವವರು ಈ ನೆಲದ ಜನವೇ. ಅವರನ್ನು ಎಬ್ಬಿಸಿ ಕಳುಹಿಸುವ ಧರ್ಮ ಯಾವುದೂ ಇಲ್ಲ. ಆದರೆ ಮರ ಎಲ್ಲಿಯದೆಂದು ಅವರಿಗೂ ನಮ್ಮ ಮಕ್ಕಳಿಗೂ ತಿಳಿದಿರಬೇಕು. ಬೆಟ್ಟ ನೋಡಲು ಹೋದ ತಂದೆತಾಯಿಗಳು ತೊಲೆಯನ್ನು ತೋರಿಸಿ ಆಮೇಲೆ ಗೋರಿಗಳ ಬಳಿಗೆ ಕರೆದೊಯ್ಯಲಿ, ಇಲ್ಲವೆ ಗೋರಿಗಳನ್ನೇ ಮೊದಲು ತೋರಿಸಲಿ. ಆ ಕ್ರಮದಲ್ಲಿ ನನಗೆ ಹಠವಿಲ್ಲ.